ಕೆಲಸ ಇಲ್ಲದ ಜಲಜಕ್ಕ

ಬೀಡಿ ಕಟ್ಟುವವರ ಕುತ್ತಿಗೆ ನೋವಿನ ಬಗ್ಗೆ ನಡೆಯುತ್ತಿದ್ದ ಸಂಶೋಧನೆಯೊಂದಕ್ಕೆ ಮನೆಮನೆ ತಿರುಗಿ ಮಾಹಿತಿ ಸಂಗ್ರಹಿಸುತ್ತಿದ್ದೆ. ವಾಮದಪದವು ಎಂಬ ಊರಿನ ಬಳಿ ಜಲಜಕ್ಕ ಎಂಬವರು ಜಗಲಿಯಲ್ಲಿ ಕುಳಿತು, ಎಲೆ, ಹೊಗೆಸೊಪ್ಪು ತುಂಬಿದ ಮೊರದಂಥ ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು, ತಲೆ ಬಗ್ಗಿಸಿ ಬೀಡಿ ಕಟ್ಟುತ್ತಿದ್ದರು. ಹುಡುಕಿದವರೇ ಸಿಕ್ಕಿದರು ಎಂಬ ಖುಷಿಯಲ್ಲಿ ಟ್ಯಾಬ್ ತೆರೆದು ಅದರಲ್ಲಿದ್ದ ಪ್ರಶ್ನೆಗಳನ್ನು ಕೇಳತೊಡಗಿದೆ.

"ನೀವು ಎಂತ ಕೆಲಸ ಮಾಡುದು?"

"ಕೆಲಸ ಎಂತದೂ ಇಲ್ಲ. ಮನೆಯಲ್ಲೇ ಇರುದು."

'ಕೆಲಸವಿಲ್ಲ' ಎಂದು ಒತ್ತಿದ್ದೇ ತಡ, ಟ್ಯಾಬ್ ಧನ್ಯವಾದ ಹೇಳಿ ಸಂದರ್ಶನವನ್ನೇ ಮುಗಿಸಿಬಿಟ್ಟಿತು! ಪುನಃ ಮೊದಲಿನಿಂದ ಶುರು ಮಾಡಿದೆ.

"ಮತ್ತೆ ಇದು?"

"ಇದು ಬೀಡಿ ಅಲ್ವಾ ಮಾರಾಯ್ರೆ! ಕೆಲಸ ಎಲ್ಲ ಮುಗಿದ ಮೇಲೆ ಕಟ್ಟುದು."

"ಕುತ್ತಿಗೆ ನೋವು ಉಂಟಾ?"

"ಉಂಟು. ಒಮ್ಮೊಮ್ಮೆ ಆಚೆ ಈಚೆ ತಿರುಗಿಸ್ಲಿಕ್ಕೇ ಆಗುದಿಲ್ಲ."

"ಆಗ ಸ್ವಲ್ಪ ವಿಶ್ರಾಂತಿ ತೆಗೊಳ್ತೀರಾ?"

"ತೆಗೊಳ್ತೇನಲ್ಲ. ಅಡುಗೆ, ಹಟ್ಟಿಯ ದನದ ಕೆಲಸ ಎಲ್ಲ ಬದಿಗಿಟ್ಟು ಇಲ್ಲಿ ಕೂತು ನಾಲ್ಕು ಬೀಡಿ ಕಟ್ತೇನೆ."

ಉದ್ಯೋಗದ ಎದುರು ನಾನೇ 'ಬೀಡಿ' ಎಂದು ಒತ್ತಿದೆ. ಟ್ಯಾಬ್ ತೆಪ್ಪಗೆ ಮುಂದಿನ ಪ್ರಶ್ನೆಗಳನ್ನು ತೋರಿಸಿತು. ಜಲಜಕ್ಕ ಎಲ್ಲಕ್ಕೂ ಉತ್ತರ ಕೊಟ್ಟರು. ಅಷ್ಟು ಹೊತ್ತೂ ಅವರ ಕೈ ಒಮ್ಮೆಯೂ ನಿಲ್ಲಲಿಲ್ಲ.

ಕೊನೆಗೆ ಅವರೇ ಕೇಳಿದರು: "ನಿಮ್ಮದು ಎಂತ ಕೆಲಸ?"

"ಇದೇ. ಮನೆಮನೆಗೆ ಹೋಗಿ ನೋವು ಉಂಟಾ ಅಂತ ಕೇಳುದು."

"ಇಷ್ಟೇಯಾ?"

ಜಲಜಕ್ಕನ ಕೈ ಮೊದಲ ಸಲ ನಿಂತಿತು. ನನ್ನನ್ನು ಕನಿಕರದಿಂದ ನೋಡಿದರು. "ಪಾಪ, ನಿಮಗೂ ಕೆಲಸ ಇಲ್ಲ. ಬೀಡಿ ಕಟ್ಲಿಕ್ಕೆ ಕಲಿತೀರಾ?"

ಸದ್ಯ, ಟ್ಯಾಬ್‌ಗೆ ಅದು ಕೇಳಿಸಲಿಲ್ಲ; ಕೇಳಿಸಿದ್ದರೆ ನನಗೂ ಧನ್ಯವಾದ ಹೇಳಿಬಿಡುತ್ತಿತ್ತು.