ಹೊಟ್ಟೆಯೊಳಗಿಲ್ಲದ ಕಲ್ಲು

ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ, ಮನೆಯಲ್ಲಿ ಸೊಸೆಯಿದ್ದೂ ಅತ್ತೆಯೇ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದ ಮನೆ ನಮ್ಮದೊಂದೇ. ನನಗೆ ಬಗ್ಗಲು ಆಗುತ್ತಿರಲಿಲ್ಲ. ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ಕುಕ್ಕರಗಾಲಲ್ಲಿ ಕೂತರೆ ಏಳುವುದಕ್ಕೆ ಇನ್ನೊಬ್ಬರ ಕೈ ಬೇಕಿತ್ತು. ಒಂದು ಬೆಳಿಗ್ಗೆ ಹಾಗೆ ಕೂತವಳನ್ನು ಹಾಲಿನವನು ಸೈಕಲ್ಲು ನಿಲ್ಲಿಸಿ ಎಬ್ಬಿಸಬೇಕಾಯಿತು. ಮರುದಿನದಿಂದ ಅತ್ತೆ ಏನೂ ಹೇಳದೆ ರಂಗೋಲಿ ಬಟ್ಟಲನ್ನು ತಾವೇ ಕೈಗೆ ತೆಗೆದುಕೊಂಡರು. ಸೊಸೆ ಇನ್ನೂ ಎದ್ದಿಲ್ಲವೇ ಎಂದು ಹೋಗಿಬರುವವರು ಕೇಳುತ್ತಿದ್ದರು. ಅತ್ತೆ ಸುಳ್ಳು ಹೇಳುವ ಪೈಕಿಯಲ್ಲ. "ಯಾರು ಹಾಕಿದ್ರೇನು, ಬಾಗಿಲು ಬಣಗುಡಬಾರದು ಅಷ್ಟೇ" ಎಂದು ಮಾತು ಮುಗಿಸುತ್ತಿದ್ದರು. ನಾನು ಕಿಟಕಿಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ನನ್ನ ಗಂಡ ಸೈನ್ಯದಲ್ಲಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಮದುವೆಯಾದಾಗ ನಾನು ಕಡ್ಡಿಯ ಹಾಗಿದ್ದೆ, ಯಾರೂ ನಂಬುವುದಿಲ್ಲ. ಎರಡು ವರ್ಷ ಉತ್ತರದ ಕಡೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದೆವು. ಆಮೇಲೆ ಅವರನ್ನು ಹೆಂಡತಿ ಮಕ್ಕಳನ್ನು ಕರೆದೊಯ್ಯಲಾಗದ ಗಡಿಯ ಕಡೆಗೆ ಹಾಕಿದರು. ನಾನು ಕೈಗೂಸನ್ನು ಎತ್ತಿಕೊಂಡು ಮೈಸೂರಿಗೆ, ಅತ್ತೆಯ ಮನೆಗೆ ಬಂದೆ. ಅತ್ತೆ ಮಗನಿಗೆ ಇಷ್ಟವಾದದ್ದನ್ನೇ ಮಾಡುತ್ತಿದ್ದರು, ತಿನ್ನಲು ಮಗ ಇರುತ್ತಿರಲಿಲ್ಲ, ಅವರ ಪಾಲನ್ನೂ ನಾನೇ ತಿನ್ನುತ್ತಿದ್ದೆ. ಕಾಗದ ಬಂದರೆ ಸಂತೋಷಕ್ಕೆ ತಿಂದೆ, ಬರದಿದ್ದರೆ ಹೆದರಿಕೆಗೆ ತಿಂದೆ. ರೇಡಿಯೋದಲ್ಲಿ ಗಡಿಯ ಸುದ್ದಿ ಬಂದ ದಿನ ಚಕ್ಕುಲಿ ಡಬ್ಬ ಖಾಲಿಯಾಗುವವರೆಗೂ ಕೈ ಬಿಡುತ್ತಿರಲಿಲ್ಲ. ಥೈರಾಯ್ಡು, ಬಾಣಂತಿ ಮೈ ಎಂದು ಹೇಳಲು ಕಾರಣಗಳು ಬೇಕಾದಷ್ಟಿದ್ದವು. ಆದರೆ ಡಬ್ಬ ಖಾಲಿ ಮಾಡಿದವಳು ನಾನು, ಅದು ನನಗೆ ಗೊತ್ತಿತ್ತು.

ಅವರು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು, ಪ್ರತಿ ಸಲ ಇನ್ನಷ್ಟು ಸೊರಗಿ, ಚಳಿಗೆ ತುಟಿ ಒಡೆದು, ಮುಖ ಕಪ್ಪಿಟ್ಟು. ನಾನು ಪ್ರತಿ ಸಲ ಇನ್ನಷ್ಟು ಊದಿಕೊಂಡು ಬಾಗಿಲು ತೆಗೆಯುತ್ತಿದ್ದೆ. "ಅವನ ರೇಷನ್ನೂ ನೀನೇ ತಿಂದಂಗದಲ್ಲೇ" ಎಂದು ಎದುರು ಮನೆಯಾಕೆ ಒಮ್ಮೆ ತಮಾಷೆ ಮಾಡಿದರು. ಎಲ್ಲರೂ ನಕ್ಕರು, ನನ್ನ ಗಂಡನೂ ನಕ್ಕರು. ನಾನೂ ನಕ್ಕೆ. ಬೀದಿಯ ಮಕ್ಕಳು ನನಗೆ ಟ್ಯಾಂಕು ಎಂದು ಹೆಸರಿಟ್ಟಿದ್ದರು. ಮಿಲಿಟರಿಯವರ ಹೆಂಡತಿಯಲ್ಲವೇ, ಹೊಂದುವ ಹೆಸರೇ.

ಯುದ್ಧ ನಡೆದ ವರ್ಷ ಬಡಾವಣೆಯ ಸಂಘದವರು ಸೈನಿಕರ ಹೆಂಡಿರಿಗೆ ಸನ್ಮಾನ ಇಟ್ಟುಕೊಂಡರು. ವೇದಿಕೆಯ ಮೇಲೆ ಕೈಗಳಿದ್ದ ಪ್ಲಾಸ್ಟಿಕ್ ಕುರ್ಚಿಗಳು. ಹೇಗೋ ತುರುಕಿಕೊಂಡು ಕೂತೆ. 'ವೀರಯೋಧರ ಧರ್ಮಪತ್ನಿ' ಎಂದು ಮೈಕಿನಲ್ಲಿ ನನ್ನನ್ನು ಕರೆದಾಗ ಎದ್ದೆ. ಕುರ್ಚಿಯೂ ನನ್ನ ಜೊತೆ ಎದ್ದಿತು. ಹಾರ ಹಿಡಿದು ನಿಂತಿದ್ದವರು ಹಾರವನ್ನು ಕೆಳಗಿಟ್ಟು ಕುರ್ಚಿ ಎಳೆದರು. ಮುಂದೆ ಕೂತಿದ್ದವರು ಪಾಪ, ನಗಬಾರದೆಂದು ಎಷ್ಟೋ ತಡೆದುಕೊಂಡರು. ಆಮೇಲೆ ಒಬ್ಬರು ನಕ್ಕರು, ಅಷ್ಟೇ. ಅಂಥ ಹೊತ್ತಿನಲ್ಲಿ ನನ್ನ ಗಂಡ ಯಾವ ಗುಡ್ಡದ ಮೇಲಿದ್ದರೋ ನಮಗೆ ತಿಳಿದಿರಲಿಲ್ಲ. ಅವರ ಹೆಸರನ್ನು ಮೈಕಿನಲ್ಲಿ ಹೇಳಿಸಿ ನಾನು ನಗೆಪಾಟಲು ಮಾಡಿದೆ. ಶಾಲನ್ನು ಮನೆಗೆ ತಂದು ಟ್ರಂಕಿನ ಅಡಿಗೆ ಹಾಕಿದೆ, ಒಂದು ದಿನವೂ ಹೊದೆಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು, ಮಲಗಿದರೆ ಉಸಿರು ನಿಂತು ನಿಂತು ಬರತೊಡಗಿತು. ಅಷ್ಟರಲ್ಲಿ ನನ್ನ ಗಂಡನಿಗೆ ಗಡಿಯ ಕೆಲಸ ಮುಗಿದು ಬೆಂಗಳೂರಿಗೆ ವರ್ಗವಾಗಿತ್ತು. ಶಾಲೆಗೆ ಹೋಗುವ ಮಗುವನ್ನು ಅತ್ತೆಯ ಬಳಿ ಬಿಟ್ಟು, ಅವರು ನನ್ನನ್ನು ಅಲ್ಲಿಯ ಮಿಲಿಟರಿ ಆಸ್ಪತ್ರೆಗೆ ಕರೆದೊಯ್ದರು. ಪಥ್ಯ, ನಡಿಗೆ ಎಲ್ಲ ಆಗಿ ಸೋತ ಮೇಲೆ, ಹೊಟ್ಟೆಯ ಬಹುಪಾಲನ್ನು ಕತ್ತರಿಸಿ ತೆಗೆದು ಚಿಕ್ಕ ಚೀಲದಷ್ಟು ಉಳಿಸುವ ಆಪರೇಷನ್ ಇದೆ, ಮಾಡಿಸಿಕೊಳ್ಳದಿದ್ದರೆ ಹೆಚ್ಚು ಕಾಲ ಇಲ್ಲ ಎಂದು ಡಾಕ್ಟರು ಹೇಳಿದರು. ನಾನು ಒಪ್ಪಿದೆ. ಆದರೆ ಯಾರಿಗೂ ತಿಳಿಯಬಾರದು, ಅತ್ತೆಗಂತೂ ತಿಳಿಯಲೇಬಾರದು ಎಂದು ಗಂಡನಿಂದ ಮಾತು ತೆಗೆದುಕೊಂಡೆ. ತಿನ್ನುವುದನ್ನು ಬಿಟ್ಟರೆ ಆಗದೇ, ಹೊಟ್ಟೆಯನ್ನೇ ಕೊಯ್ಸಿಕೊಳ್ಳಬೇಕೇ ಎಂದು ಬೀದಿಗೆ ಬೀದಿಯೇ ಕೇಳುತ್ತದೆ.

ಪಿತ್ತಕೋಶದಲ್ಲಿ ಕಲ್ಲು ಎಂದು ಅತ್ತೆಗೆ ಹೇಳಿದೆ. ಕಲ್ಲು ಮರ್ಯಾದಸ್ಥ ಕಾಯಿಲೆ, ಯಾರಿಗಾದರೂ ಬರಬಹುದು, ಯಾರೂ ನಗುವುದಿಲ್ಲ. ಅತ್ತೆಯ ಕಣ್ಣಲ್ಲಿ ನೀರು ಬಂತು. ಅಲ್ಲೇ ದೇವರ ಗೂಡಿನ ಮುಂದೆ ನಿಂತು, ಸೊಸೆ ಸುಖವಾಗಿ ಮನೆಗೆ ಬಂದರೆ ಚಾಮುಂಡಿಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟು ಹತ್ತುತ್ತೇನೆ ಎಂದು ಹರಕೆ ಹೊತ್ತರು. ಅವರ ಮಂಡಿಯೂ ನನ್ನ ಮಂಡಿಯಷ್ಟೇ ಹಾಳಾಗಿತ್ತು.

ಆಸ್ಪತ್ರೆಯಲ್ಲಿ ನಾನು ಯೋಚಿಸಿರದ ಒಂದು ಸಂಗತಿ ಇತ್ತು. ಅದು ಸೈನಿಕರ ಆಸ್ಪತ್ರೆ. ಹೆಂಗಸರ ವಾರ್ಡಿನಿಂದ ಹೊರಗೆ ಬಂದರೆ ಉದ್ದನೆಯ ಪಡಸಾಲೆ, ಅದರ ತುಂಬ ಕೈ ಇಲ್ಲದವರು, ಕಾಲು ಇಲ್ಲದವರು, ಕಣ್ಣಿಗೆ ಪಟ್ಟಿ ಕಟ್ಟಿದವರು. ಅವರ ನಡುವೆ ಚಕ್ಕುಲಿ ತಿಂದು ಹೊಟ್ಟೆ ಕೊಯ್ಸಿಕೊಳ್ಳಲು ಬಂದ ನಾನು. ಬೆಂಚಿನ ಮೇಲೆ ಕೂತಿದ್ದ ಒಬ್ಬ ಹವಾಲ್ದಾರರು ನನ್ನನ್ನು ಕಂಡು ಊರುಗೋಲು ಹುಡುಕಿ, ಎದ್ದು ನಿಂತು ಜಾಗ ಬಿಟ್ಟರು. ಅವರಿಗೆ ಎಡಗಾಲು ಮಂಡಿಯ ಕೆಳಗೆ ಇರಲಿಲ್ಲ. ಬೇಡ ಎಂದರೂ ಕೇಳಲಿಲ್ಲ. ಮಂಡ್ಯದ ಕಡೆಯವರು, ಬರೀ ಹಿಂದಿಯೇ ಕೇಳುವ ಆ ಪಡಸಾಲೆಯಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ಅವರಿಗೆ ಹಬ್ಬ. ನನಗೇನಾಗಿದೆ ಎಂದು ಕೇಳಿದರು. ಕಲ್ಲು ಎಂದೆ. ಬಲು ನೋವಂತೆ ಕಣಕ್ಕ ಎಂದು ಅವರು, ಕಾಲು ಹೋದವರು, ನನಗೆ ಮರುಗಿದರು.

ಆಪರೇಷನ್ ಆಗಿ ನನ್ನನ್ನು ನಡೆಸತೊಡಗಿದಾಗ ಅವರೂ ಪಡಸಾಲೆಯಲ್ಲಿ ಊರುಗೋಲು ಕಲಿಯುತ್ತಿದ್ದರು. ನಾವಿಬ್ಬರೂ ಗೋಡೆ ಹಿಡಿದು ಒಂದೇ ವೇಗದಲ್ಲಿ ಹೋಗುತ್ತಿದ್ದೆವು. ಒಂದು ದಿನ ಅವರು ಜೇಬಿನಿಂದ ಇಂಜೆಕ್ಷನ್ನಿನ ಖಾಲಿ ಸೀಸೆ ತೆಗೆದು ತೋರಿಸಿದರು. ಒಳಗೆ ಬೆರಳಿನ ಉಗುರಿನಷ್ಟು ಕಬ್ಬಿಣದ ಚೂರು. ತೊಡೆಯಿಂದ ತೆಗೆದದ್ದಂತೆ, ಡಾಕ್ಟರೇ ಕೊಟ್ಟರಂತೆ.

"ನಿಮ್ ಕಲ್ಲೂ ಕೊಡ್ತಾರೆ ಕಣಕ್ಕ. ಕೇಳಿ ಇಸ್ಕೊಳಿ. ನಾವು ಅನುಭವ್ಸಿದ್ದು ನಮ್ ಹತ್ರನೇ ಇರ್ಬೇಕು."

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ನನ್ನಿಂದ ತೆಗೆದದ್ದನ್ನು ಸೀಸೆಯಲ್ಲಿಟ್ಟು ಯಾರಿಗೆ ತೋರಿಸಲಿ? ಕಲ್ಲನ್ನು ಡಾಕ್ಟರೇ ಎಸೆದುಬಿಟ್ಟರಂತೆ ಎಂದು ಹೇಳಿದೆ. ಛೇ ಎಂದು ಅವರು ನಿಜವಾಗಿ ಬೇಜಾರು ಮಾಡಿಕೊಂಡರು. ಪಕ್ಕದಲ್ಲಿದ್ದ ನನ್ನ ಗಂಡ ತಲೆ ತಗ್ಗಿಸಿ ಬೂಟು ನೋಡುತ್ತಿದ್ದರು.

ಮನೆಗೆ ಬಂದಾಗ ಅತ್ತೆ ಆರತಿ ಎತ್ತಿ, ದೃಷ್ಟಿ ತೆಗೆದು, ಕೂರಿಸಿ, ಕೇಳಿದ ಮೊದಲ ಮಾತೇ ಕಲ್ಲು ಎಲ್ಲಿ ಎಂಬುದು. ಆ ಕಾಲದಲ್ಲಿ ಮೈಸೂರಿನಲ್ಲಿ ಕಲ್ಲಿನ ಆಪರೇಷನ್ ಆದವರ ಮನೆಯಲ್ಲೆಲ್ಲ ಕಲ್ಲು ಸೀಸೆಯಲ್ಲಿರುತ್ತಿತ್ತು, ನೋಡಲು ಬಂದವರಿಗೆ ಕಾಫಿಗೆ ಮೊದಲು ಅದನ್ನು ತೋರಿಸುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಶರ್ಟಿನ ಜೇಬಿನಿಂದ ಪುಟ್ಟ ಸೀಸೆಯೊಂದನ್ನು ತೆಗೆದು ತಾಯಿಯ ಕೈಗಿಟ್ಟರು. ಒಳಗೆ ಕಡಲೆಕಾಳಿಗಿಂತ ದಪ್ಪನೆಯ ಕಂದು ಕಲ್ಲು. ಆಸ್ಪತ್ರೆಯ ಹೂದೋಟದಲ್ಲಿ ಆರಿಸಿ, ತೊಳೆದು ತಂದಿದ್ದರು. ಪಕ್ಕದವರು ಎಷ್ಟು ಗೋಗರೆದರೂ ಮಿಲಿಟರಿ ಕ್ಯಾಂಟೀನಿನಿಂದ ತಮ್ಮ ಪಾಲಿಗಿಂತ ಒಂದು ಸೋಪು ಹೆಚ್ಚಿಗೆ ತರದ ಮನುಷ್ಯ ಅವರು. ಅವ್ವ ಕೇಳುತ್ತಾಳೆಂದು ಗೊತ್ತಿತ್ತು ಎಂದಷ್ಟೇ ಆಮೇಲೆ ನನಗೆ ಹೇಳಿದರು. ರಜೆ ಮುಗಿಸಿ ಹೋಗುವವರೆಗೂ ತಾಯಿಯ ಮುಖ ನೋಡಿ ಮಾತಾಡಲಿಲ್ಲ.

ಆ ಕಲ್ಲು ಬೀದಿಯಲ್ಲೆಲ್ಲ ಹೆಸರು ಮಾಡಿತು. ನೋಡಲು ಬಂದವರು ಸೀಸೆ ಅಲ್ಲಾಡಿಸಿ, ಬೆಳಕಿಗೆ ಹಿಡಿದು, ಅಯ್ಯೋ ಇಷ್ಟು ದಪ್ಪವೇ ಎಂದು ಕೆನ್ನೆಗೆ ಕೈ ಹಚ್ಚಿದರು. ಮತ್ತೆ ಕಲ್ಲು ಕಟ್ಟದಿರಲಿ ಎಂದು ಎದುರು ಮನೆಯಾಕೆ ಬಾಳೆದಿಂಡಿನ ಪಲ್ಯ ಮಾಡಿ ತಂದರು, ಇನ್ನೊಬ್ಬರು ಹುರುಳಿ ಕಟ್ಟು ತಂದರು. ಎರಡು ಚಮಚಕ್ಕೆ ನನ್ನ ಹೊಟ್ಟೆ ತುಂಬುತ್ತಿತ್ತು. ತಿಂಗಳು ಕಳೆದಂತೆ ಮೈ ಇಳಿಯಿತು, ಬಳೆ ಸಡಿಲವಾಯಿತು, ರವಿಕೆಗಳನ್ನು ಹಿಡಿದು ಹೊಲಿಸಿದೆ. ಇದನ್ನು ಕಂಡ ಅತ್ತೆ ತಮ್ಮದೇ ಒಂದು ತೀರ್ಮಾನಕ್ಕೆ ಬಂದರು. ಇಷ್ಟು ವರ್ಷ ನನ್ನನ್ನು ಊದಿಸಿದ್ದು ಆ ಕಲ್ಲೇ. ಇದನ್ನು ಮನೆ ಮನೆಗೆ ಹೋಗಿ ಹೇಳಿದರು. ನಕ್ಕವರನ್ನು ನೆನಪಿಟ್ಟುಕೊಂಡಿದ್ದರು, ಯಾರನ್ನೂ ಬಿಡಲಿಲ್ಲ. ಕಾಯಿಲೆಯವಳನ್ನು ಆಡಿಕೊಂಡಿರಲ್ಲ, ನಿಮ್ಮ ನಾಲಿಗೆಗೆ ಏನು ಬಂದಿತ್ತು ಎಂದು ಕೇಳಿ ಬಂದರು. ಎದುರು ಮನೆಯಾಕೆ ಬಂದು ನನ್ನ ಕೈ ಹಿಡಿದು, ತಪ್ಪಾಯಿತು, ರೇಷನ್ನಿನ ಮಾತು ಆಡಬಾರದಿತ್ತು ಎಂದು ಕಣ್ಣೊರೆಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನದಿದ್ದರೂ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ದಪ್ಪಗಿದ್ದಾಗ ನಾಚಿಕೆಯಾಗುತ್ತಿತ್ತು ನಿಜ, ಆದರೆ ಆ ನಾಚಿಕೆಗಾದರೂ ನಾನು ಹಕ್ಕುದಾರಳಾಗಿದ್ದೆ. ಈ ಮರುಕ ನನ್ನದಲ್ಲ.

ಆಷಾಢದ ಗದ್ದಲ ಮುಗಿಯಲಿ ಎಂದು ಕಾದು, ಒಂದು ಬೆಳಿಗ್ಗೆ ಅತ್ತೆ ಹರಕೆ ತೀರಿಸಲು ಹೊರಟರು. ನಾನೂ ಜೊತೆಗೆ ಹೋದೆ. ಬೆಟ್ಟದ ಬುಡದಲ್ಲಿ ಮೊದಲ ಮೆಟ್ಟಿಲಿಗೆ ಕರ್ಪೂರ ಹಚ್ಚಿ, ತಟ್ಟೆ ಹಿಡಿದು ಶುರುಮಾಡಿದರು. ಬಗ್ಗಿ ಅರಿಶಿನ, ಮತ್ತೆ ಕುಂಕುಮ, ಸೊಂಟಕ್ಕೆ ಕೈಕೊಟ್ಟು ಎದ್ದು ಮುಂದಿನ ಮೆಟ್ಟಿಲು. ನಾನು ಇಡುತ್ತೇನೆ ಕೊಡಿ ಎಂದರೆ, ಹರಕೆ ಹೊತ್ತವರೇ ಇಡಬೇಕು ಎಂದರು. ನಾನು ಹಿಂದೆ ಹಗುರವಾಗಿ ಹತ್ತುತ್ತಿದ್ದೆ. ಎಷ್ಟೋ ವರ್ಷದ ಮೇಲೆ ನನ್ನ ಕಾಲು ನನ್ನ ಮಾತು ಕೇಳುತ್ತಿತ್ತು, ಅದರ ಖುಷಿಯೂ ಒಳಗೆಲ್ಲೋ ಇತ್ತು, ಅದಕ್ಕೂ ನಾಚಿಕೆಯಾಯಿತು. ನಂದಿ ಇನ್ನೂ ದೂರವಿರುವಾಗಲೇ ಅತ್ತೆಯ ಮಂಡಿ ನಡುಗತೊಡಗಿತು. ಬಗ್ಗಿದವರು ಒಂದು ಕೈ ಕಲ್ಲಿಗೆ ಊರಿ, ಏಳಲಾಗದೆ ಹಾಗೇ ನಿಂತರು. ರಂಗೋಲಿಯ ಮುಂದೆ ಕೂತು ಏಳಲಾಗದ ನನ್ನನ್ನೇ ಅಲ್ಲಿ ಕಂಡ ಹಾಗಾಯಿತು. ರಟ್ಟೆ ಹಿಡಿದು ಎಬ್ಬಿಸಿ ಮೆಟ್ಟಿಲ ಮೇಲೆ ಕೂರಿಸಿದೆ. ಇನ್ನು ನನ್ನಿಂದಾಗಲಿಲ್ಲ.

"ಅತ್ತೆ, ಕಲ್ಲು ಇರ್ಲಿಲ್ಲ" ಎಂದೆ. "ದಪ್ಪ ಇಳೀಲಿ ಅಂತ ಹೊಟ್ಟೆ ಕೊಯ್ಸ್ಕೊಂಡೆ. ಹೇಳೋಕೆ ನಾಚ್ಕೆ ಆಯ್ತು."

ಸೀಸೆಯ ಕಲ್ಲು ಎಲ್ಲಿಂದ ಬಂತೆಂಬುದನ್ನೂ ಹೇಳಿದೆ. ಅವರು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಕೆಳಗೆ ತಾವು ಕುಂಕುಮ ಇಟ್ಟು ಬಂದ ಮೆಟ್ಟಿಲುಗಳನ್ನು ನೋಡಿದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹೊಟ್ಟೆ ಕುಯ್ದಿದ್ದಾದ್ರೂ ದಿಟ ತಾನೆ?"

ದಿಟ ಎಂದೆ.

"ಮತ್ತೆ? ನಾನು ಕಲ್ಲಿಗೆ ಹರಕೆ ಹೊತ್ತಿದ್ನಾ?" ಎಂದವರು ತಟ್ಟೆಯನ್ನು ನನ್ನ ಕಡೆ ಚಾಚಿದರು. "ತಗೋ, ಇನ್ಮೇಲಿಂದ ನೀನೇ ಇಟ್ಬುಡು. ಈಗ ಬಗ್ಗಕ್ಕಾಯ್ತದಲ್ಲ."

ಬಗ್ಗಿ ಇಟ್ಟೆ. ತುದಿಯವರೆಗೂ ಇಟ್ಟೆ. ಅವರು ಪಕ್ಕದ ಕಂಬಿ ಹಿಡಿದು ನಿಧಾನವಾಗಿ ಹಿಂದೆ ಬಂದರು.

ಆಪರೇಷನ್ ಆದವಳು ಬಗ್ಗಬಾರದೆಂದು ಅದುವರೆಗೂ ತಾವೇ ರಂಗೋಲಿ ಹಾಕುತ್ತಿದ್ದ ಅತ್ತೆಗೆ ಮರುದಿನ ಬೆಳಿಗ್ಗೆ ಏಳಲಾಗದೆ, ರಂಗೋಲಿ ಬಟ್ಟಲು ಹಿಡಿದು ನಾನೇ ಬಾಗಿಲಿಗೆ ಹೋದೆ. ಚುಕ್ಕಿ ಇಟ್ಟು ಎಳೆ ಎಳೆಯುತ್ತಿದ್ದೆ. ಹೊಸದಾಗಿ ಬೀದಿಯ ತುದಿಗೆ ಬಾಡಿಗೆಗೆ ಬಂದಿದ್ದ ಹೆಂಗಸೊಬ್ಬರು ನಿಂತು, ಸೊಸೆ ರಂಗೋಲಿ ಹಾಕುವುದನ್ನು ಇವತ್ತೇ ನೋಡಿದ್ದು ಎಂದರು. ಮಾತಿನಲ್ಲಿ ಕೊಂಕಿತ್ತು. ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು, ಕುಂಟುತ್ತಾ ಬಂದದ್ದು ಕೇಳಿಸಿತು. ಅವರ ಕೈಯಲ್ಲಿ ಸೀಸೆ ಇತ್ತು. ಕಲ್ಲು ಸೀಸೆಯ ಗಾಜಿಗೆ ತಾಗಿ ಟಿಕ್ಕೆಂದಿತು.

"ನೋಡಿ, ಇಷ್ಟು ದಪ್ಪದ್ದು ಹೊಟ್ಟೇಲಿತ್ತು" ಎಂದರು ಅತ್ತೆ. "ಇಲ್ದಿದ್ರೆ ನನ್ ಸೊಸೆ ಇಷ್ಟು ವರ್ಷ ನನ್ ಕೈಲಿ ಹಾಕ್ಸೋಳಾ?"

ನಾನು ತಲೆಯೆತ್ತಲಿಲ್ಲ. ಬಗ್ಗಿದವಳು ಬಗ್ಗಿಯೇ, ಹಾಕಿ ಮುಗಿದಿದ್ದ ಎಳೆಯ ಮೇಲೇ ಮತ್ತೊಮ್ಮೆ ಎಳೆ ಎಳೆದೆ.