ಹೆಮ್ಮಿಗೆ ಅಜ್ಜಿಯ ರಕ್ತ

ಬೆಡ್‌ಶೀಟ್ ಎಳೆದೆ, ಸೂಜಿ ಹೆಬ್ಬೆರಳಿಗೆ ಹೊಕ್ಕಿತು. ಗ್ಲೌಸ್ ಕಿತ್ತೆಸೆದು, ಮುಳ್ಳು ಚುಚ್ಚಿದಾಗ ಮಾಡುವಂತೆ ಬೆರಳು ಬಾಯಿಗಿಟ್ಟೆ.

"ಲೋ, ಬಾಯಿಂದ ತೆಗಿಯೋ!" ಸಿಸ್ಟರ್ ಓಡಿಬಂದು ನನ್ನನ್ನು ನಲ್ಲಿಗೆ ಎಳೆದುಕೊಂಡು ಹೋದರು. ಸೋಪು ಹಾಕಿ ತೊಳೆಸಿದರು. ಬೆರಳು ಹಿಂಡಿ ರಕ್ತ ತೆಗೆಯಲು ಬಿಡಲಿಲ್ಲ.

ನಾನು ತಿ. ನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ವಾರ್ಡ್ ಕ್ಲೀನ್ ಮಾಡುವವನು. ಮನೆ ನಂಜನಗೂಡಿನಲ್ಲಿ, ದಿನಾ ಬಸ್ಸು. ಆ ಮಂಚದಲ್ಲಿದ್ದ ಅಜ್ಜಿ ಬೆಳಿಗ್ಗೆ ಡಿಸ್ಚಾರ್ಜ್ ಆಗಿ ಹೆಮ್ಮಿಗೆಗೆ ಹೋಗಿದ್ದರು. ಅವರಿಗೆ ಚುಚ್ಚಿದ ಸೂಜಿಯನ್ನು ಡಬ್ಬಕ್ಕೆ ಹಾಕದೆ ಯಾರೋ ಅಲ್ಲೇ ಬಿಟ್ಟಿದ್ದರು.

ರೋಗ ಅಂಟದಿರಲಿ ಅಂತ ಡಾಕ್ಟರು ಆಗಲೇ ಮಾತ್ರೆ ಶುರುಮಾಡಿ ನುಂಗಿಸಿದರು. ಎಚ್‌ಐವಿ, ಕಾಮಾಲೆ ತರುವ ವೈರಸ್ಸು, ಎಲ್ಲಾ ಹೀಗೂ ಅಂಟಬಹುದಂತೆ. ಕೆಲಸಕ್ಕೆ ಸೇರಿದಾಗಲೇ ಕಾಮಾಲೆ ಬರದಂತೆ ಮೂರು ಇಂಜೆಕ್ಷನ್ ಹಾಕಿಸಿಕೊಳ್ಳಬೇಕಿತ್ತು. ಮೊದಲನೆಯದಕ್ಕೆ ಜ್ವರ ಬಂತು ಅಂತ ಉಳಿದೆರಡು ಬಿಟ್ಟಿದ್ದೆ. ಹೆಂಡತಿ ಏಳು ತಿಂಗಳ ಬಸುರಿ. ಅವಳಿಗೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿತ್ತು.

ಅಜ್ಜಿಯ ರಕ್ತ ನೋಡಿದರೆ ಗೊತ್ತಾಗುತ್ತದೆ ಎಂದು ಸಿಸ್ಟರ್ ನನ್ನನ್ನೂ ಕರೆದುಕೊಂಡು ಹೆಮ್ಮಿಗೆಗೆ ಹೊರಟರು. "ನೀನು ಬಾಯಿ ಬಿಡ್ಬೇಡ, ನಾನೇ ನಯವಾಗಿ ಕೇಳ್ತೀನಿ" ಅಂದಿದ್ದರು.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ನಮ್ಮನ್ನು ನೋಡಿ ಹೆದರಿದರು. "ಯಾಕವ್ವಾ, ನಂಗೇನಾರ ದೊಡ್ ಕಾಯ್ಲೆನಾ?"

ಸಿಸ್ಟರ್ ಅವರನ್ನು ಒಳಗೆ ಕೂರಿಸಿ ಸುತ್ತಿ ಬಳಸಿ ಶುರುಮಾಡಿದರು. ಅಜ್ಜಿಯ ಮುಖ ಇನ್ನೂ ಬಾಡಿತು. ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ನಿಂಗೇನೂ ಆಗಿಲ್ಲ. ನಿಂಗೆ ಚುಚ್ಚಿದ್ ಸೂಜಿ ನಂಗೆ ಚುಚ್ಕತ್ತು. ಕಾಯ್ಲೆ ಅಂಟ್ಕಂಡದಾ ಅಂತ ನಿನ್ ರಕ್ತ ನೋಡ್ಬೇಕು. ಬ್ಯಾಡ ಅಂದ್ರೆ ಓಯ್ತೀವಿ. ನನ್ನೆಂಡ್ರು ಬಸ್ರಿ. ನಂಗೆ ಭಯ ಆಯ್ತದೆ."

ಅಜ್ಜಿ ನನ್ನ ಹೆಬ್ಬೆರಳು ಹಿಡಿದು ತಿರುಗಿಸಿ ನೋಡಿದರು. "ಇದ್ನ ಕೇಳಕ್ಕೆ ಇಷ್ಟೊತ್ತಾ ಮಗ? ತಗೊಳವ್ವಾ. ಆದ್ರೆ ಸೂಜಿ ಅಂದ್ರೆ ನಂಗಾಗಲ್ಲ. ಲೇ, ಈ ಕೈ ನೀನ್ ಇಡ್ಕ."

ಹಿಡಿದು ಕೂತೆ. ಅವರು ಕಣ್ಣು ಮುಚ್ಚಿದರು, ನಾನೂ ಮುಚ್ಚಿದೆ.

"ರಕ್ತ ಕೊಡ್ತಿರೋದು ಅವ್ರೋ ನೀನೋ?" ಸಿಸ್ಟರ್ ನಕ್ಕರು.

"ನಗೋದು ಆಮೇಕೆ. ಮೊದ್ಲು ಆ ಸೂಜಿ ಡಬ್ಬಕ್ಕಾಕವ್ವಾ" ಅಂದರು ಅಜ್ಜಿ. ಬರುವಾಗ ಬಸುರಿಗೆ ಅಂತ ಅವರೆಕಾಯಿ ಕಟ್ಟಿಕೊಟ್ಟರು.

ಮಾರನೆಯ ದಿನ ರಿಪೋರ್ಟು ಬಂತು. ಅಜ್ಜಿಯ ರಕ್ತದಲ್ಲಿ ಏನೂ ಇರಲಿಲ್ಲ. ಡಾಕ್ಟರು ನನ್ನ ಮಾತ್ರೆ ನಿಲ್ಲಿಸಿದರು.

ಅವತ್ತು ಹೆಂಡತಿಗೆ ಎಲ್ಲಾ ಹೇಳಿದೆ. "ಜ್ವರಕ್ಕೆ ಎದ್ರುಕೊಂಡು ಸೂಜಿ ಬುಟ್ಬುಟ್ಟು, ಈಗ ಸೂಜಿಗೇ ಸಿಕ್ಕಾಕ್ಕಂಡ್ಯಾ? ನಾಳೆನೇ ಓಗಿ ಉಳಿದಿದ್ದೂ ಆಕುಸ್ಕ" ಅಂತ ಬೈದಳು. ಬೈಯುತ್ತಲೇ ನನ್ನ ಹೆಬ್ಬೆರಳು ಹಿಡಿದುಕೊಂಡು ಕೂತಳು.

ಹಾಕಿಸಿಕೊಂಡೆ. ಇಷ್ಟೇ, ಇನ್ನು ಹೇಳುವುದೇನೂ ಇಲ್ಲ.