ಬಲಗಡೆಯ ಇಯರ್‌ಬಡ್

ನಾನು ಸಂಶಯದ ಹೆಂಗಸು. ತರಕಾರಿಯವಳು ತಕ್ಕಡಿ ಎತ್ತಿದರೆ ನಾನು ಅವಳ ಬೆರಳು ನೋಡುತ್ತೇನೆ. ಹೀಗಾಗಿ ಬಲಗಡೆಯ ಇಯರ್‌ಬಡ್‌ನಲ್ಲಿ ಸದ್ದು ಕಡಿಮೆಯಾದಾಗ ನನ್ನ ಗುಮಾನಿ ಮೊದಲು ಹೋದದ್ದು ಅದನ್ನು ಮಾರಿದ ಹುಬ್ಬಳ್ಳಿಯ ಅಂಗಡಿಯವನ ಮೇಲೆ. ಕೊಡುವಾಗ ಅವನು ಅಷ್ಟು ನಕ್ಕದ್ದೇಕೆ? ಒಳ್ಳೆಯ ಮಾಲು ಮಾರುವವನಿಗೆ ಅಷ್ಟು ನಗುವ ಗರಜು ಇರುವುದಿಲ್ಲ.

ಧಾರವಾಡದ ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಡು ಕಲಿಸುತ್ತೇನೆ. ಶಿಷ್ಯರ ಸ್ವರ ಕೂದಲೆಳೆಯಷ್ಟು ಇಳಿದರೂ ಹಿಡಿಯುವ ಕಿವಿ ನನ್ನದು ಎಂಬ ಸೊಕ್ಕೂ ಇದೆ. ಆ ಕಿವಿ ಹೋದರೆ ಪಾಠ ಹೋಯಿತು. ಪಾಠ ಹೋದ ಮೇಲೆ ನಾನು ಯಾರು? ಪಾಠ ಮುಗಿಸಿ ರೊಟ್ಟಿ ಬಡಿಯುತ್ತ ನಮ್ಮ ಗುರುಗಳ ಹಳೆಯ ಧ್ವನಿಮುದ್ರಣ ಕೇಳುವುದು ರೂಢಿ. ಈಚೆಗೆ ಎಡಗಡೆ ಗುರುಗಳು ಕೊಂಚ ಮಂದವಾಗಿ ಹಾಡುತ್ತಿದ್ದರು. ಬಲಗಡೆಯಂತೂ ಗೋಡೆಯಾಚೆ ಕೂತಂತೆ.

ಎರಡನೆಯ ಗುಮಾನಿ ಗಂಡನ ಮೇಲೆ. "ಕಿವಿಯೊಳಗ ಅಷ್ಟ ಜೋರ ಹಚ್ಚಬ್ಯಾಡ" ಎಂದು ಮೊದಲಿನಿಂದಲೂ ಗೊಣಗುವ ಮನುಷ್ಯ. ನಾನಿಲ್ಲದಾಗ ಫೋನಿನಲ್ಲಿ ಏನೋ ತಿರುವಿ ಸದ್ದು ಇಳಿಸಿರಬೇಕು. ಅಲ್ಲದೆ ಕೆಲವು ತಿಂಗಳಿಂದ ಅವರ ನಡೆಯೂ ಬೇರೆಯಾಗಿತ್ತು. ಊಟಕ್ಕೆ ಯಾವಾಗಲೂ ನನ್ನ ಬಲಕ್ಕೆ ಕೂಡುತ್ತಿದ್ದವರು ಎಡಕ್ಕೆ ಬಂದಿದ್ದರು. ಯಾಕೆಂದು ಕೇಳಿದರೆ, "ಇಲ್ಲೆ ಗಾಳಿ ಛಲೋ ಬರತೈತಿ" ಎಂದಿದ್ದರು. ಫ್ಯಾನು ಇರುವುದು ನೆತ್ತಿಯ ಮೇಲೆ, ಇಬ್ಬರಿಗೂ ಒಂದೇ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಬುದ್ಧಿ ಬೇಡವೇ?

ಒಂದು ಮುಂಜಾನೆ ಹಿಟ್ಟಿನ ಕೈಯಲ್ಲೇ ಹೋಗಿ ಅವರ ಮುಂದೆ ನಿಂತೆ.

"ಫೋನಿನ್ಯಾಗ ಏನ್ ಮಾಡೀರಿ? ಖರೇ ಹೇಳ್ರಿ."

"ಅಯ್ಯ ಶಿವನ! ನಾ ಮುಟ್ಟೇ ಇಲ್ಲ. ಕೊಡಿಲ್ಲೆ, ನೋಡೂಣು."

ಪೇಪರ್ ಓದುವ ಭೂತಗನ್ನಡಿ ಹಿಡಿದು ಇಯರ್‌ಬಡ್‌ಗಳನ್ನು ನೋಡಿದರು. ನೋಡಿದವರೇ ಹೊಟ್ಟೆ ಹಿಡಿದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಇದರಾಗೂ ರೊಟ್ಟಿ ಮಾಡೀಯಲ್ಲ! ಹಿಟ್ಟು, ಎಣ್ಣಿ ಕೂಡಿ ಕಣಕ ಆಗಿ ಕುಂತೈತಿ."

ಮಾತು ನಿಜ. ಅಮಾವಾಸ್ಯೆಗೊಮ್ಮೆ ಎಣ್ಣೆನೀರು ಹಾಕಿಕೊಳ್ಳುವಾಗ ಎರಡೂ ಕಿವಿಗೆ ಬೆಚ್ಚಗಿನ ಕುಸುಬಿ ಎಣ್ಣೆ ಬಿಡುವುದು ನನ್ನ ತಾಯಿ ಕಲಿಸಿದ ಪದ್ಧತಿ. ಹಾಡುವವರ ಕಿವಿ ಒಣಗಬಾರದು ಎನ್ನುತ್ತಿದ್ದಳು. ಆ ಎಣ್ಣೆಗಿವಿಗೇ ಜೋಳದ ಹಿಟ್ಟಿನ ಕೈಯಿಂದ ಇಯರ್‌ಬಡ್ ಒತ್ತುತ್ತಿದ್ದೆ. ಸದ್ದು ಬರುವ ಸಣ್ಣ ಜಾಲರಿ ಮುಚ್ಚಿಹೋಗಿತ್ತು.

ಜಾಲರಿಯ ಬಾಯಿ ಕೆಳಗೆ ಮಾಡಿ ಹಿಡಿದು, ಹಲ್ಲುಜ್ಜುವ ಒಣ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರು. ನಾನು ನೀರು ತರಲು ಹೊರಟರೆ ಬೈದರು. ಅರಿವೆಯ ತುದಿಯಿಂದ ಒರೆಸಿ, ಫೋನಿನ ಸದ್ದು ಏರಿಸಿ, ಎರಡನ್ನೂ ನನಗೆ ಕೊಟ್ಟರು. ಎಡಗಡೆ ಗುರುಗಳು ಎದುರಿಗೇ ಕೂತು ಹಾಡಿದರು. ಆಹಾ! ಬಲಗಡೆ ಮಾತ್ರ ಇನ್ನೂ ಗೋಡೆಯಾಚೆಯೇ.

"ನಾ ಹೇಳಿದ್ನಿಲ್ಲ? ಆ ಅಂಗಡ್ಯಾಂವ ಟೊಪಿಗಿ ಹಾಕ್ಯಾನ. ನಡೀರಿ ಹುಬ್ಬಳ್ಳಿಗೆ, ಅವನ ನಗು ಬಿಡಸ್ತೇನಿ."

ಅವರು ಬಲಗಡೆಯದನ್ನು ತೆಗೆದುಕೊಂಡು ತಮ್ಮ ಕಿವಿಗೆ ಇಟ್ಟರು. ಇಟ್ಟವರೇ ಬೆಚ್ಚಿ ಕಿತ್ತುಕೊಂಡರು. ಮುಖದ ಮೇಲಿನ ನಗು ಹೋಗಿತ್ತು.

"ಏನಾತ್ರಿ?"

"ಏನಿಲ್ಲ. ಹೋಗೂಣು ಬಿಡು ಹುಬ್ಬಳ್ಳಿಗೆ. ಬ್ಯಾರೇದ ತಗೊಳ್ಳೂಣು."

ಇಷ್ಟು ಲಗೂನ ಒಪ್ಪುವ ಮನುಷ್ಯನಲ್ಲ ಇದು. ಕಸಿದುಕೊಂಡು ಅದನ್ನೇ ನನ್ನ ಎಡಗಿವಿಗೆ ಹೇಗೋ ತಿರುವಿ ಹಿಡಿದೆ. ಗುರುಗಳ ಸ್ವರ ತಲೆತುಂಬ ತುಂಬಿತು. ಎಡಗಡೆಯದನ್ನು ಬಲಗಿವಿಗೆ ಹಿಡಿದೆ. ಮತ್ತೆ ಅದೇ ಗೋಡೆ.

ಅಂಗಡಿಯವನು ಸಾಚಾ. ಗಂಡ ಸಾಚಾ. ಕೈಕೊಟ್ಟದ್ದು ನನ್ನ ಕಿವಿಯೇ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರೂ ಬಂದು ಪಕ್ಕದಲ್ಲಿ ಕೂತರು, ಎಡಗಡೆ.

"ಇದಕ್ಕ ಈ ಕಡಿ ಕುಂದರತಿದ್ರೇನು?"

"ಹೂಂ."

"ಮತ್ತ ಮದಲ ಹೇಳಬಾರದಿತ್ತ? ಇಷ್ಟ ದಿನ ಮುಚ್ಚಿಟ್ಟೀರಿ!" ದುಃಖವೆಲ್ಲ ಸಿಟ್ಟಾಗಿ ಹೊರಗೆ ಬಂತು.

ಅವರು ನನ್ನ ಹಿಟ್ಟಿನ ಕೈ ಹಿಡಿದುಕೊಂಡರು.

"ಹೇಳಿದ್ದೆ. ಆಗ ಬಲಗಡಿ ಕುಂತಿದ್ದೆ."